ಅರ್ಧ ಮಾತ್ರೆ

ಜನವರಿ 6, 2025, ಸೋಮವಾರ

ಬಸವನಗುಡಿಯ ಸಕ್ಕರೆ ಕಾಯಿಲೆ ಕೇಂದ್ರಕ್ಕೆ ಹೋಗಿ ಬಂದೆ. ಜೊತೆಗೆ ಕೆಳಗಿನ ಮನೆಯವಳೂ ಬಂದಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಎಲ್ಲಿಗೆ ಎಂದು ಕೇಳಿದಳು, ಹೇಳಿದೆ, ಸೀರೆ ಬದಲಾಯಿಸಿಕೊಂಡು ನನಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದಳು. ನನ್ನ ವಾರಗಿತ್ತಿಯಾಗಿ ಅವಳು ಈ ಮನೆಗೆ ಬಂದಾಗಿನಿಂದ ಇದೇ ಪಾಡು. ಮೇಲಿನ ಮನೆಗೆ ಮಿಕ್ಸಿ ಬಂದರೆ ಕೆಳಗಿನ ಮನೆಗೂ ಮಿಕ್ಸಿ ಬರಬೇಕು. ನನಗೆ ಮಂಡಿನೋವು ಬಂದರೆ ಅವಳಿಗೂ ಮಂಡಿನೋವು. ಸಕ್ಕರೆ ಕಾಯಿಲೆಯನ್ನು ಕೂಡ ನನಗೆ ಬಂದ ಮರುವರ್ಷವೇ ತರಿಸಿಕೊಂಡಳು.

ನಾನು ಹೋಗಿದ್ದಕ್ಕೆ ಕಾರಣ ಬೇರೆ. ಈಗಿನ ಮಾತ್ರೆಗಳು ಸಾಲುತ್ತಿಲ್ಲ, ಹೀಗೇ ಆದರೆ ಬೇಸಿಗೆ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದು ನಮ್ಮ ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಪ್ಪ ದಿನಾ ಹೊಟ್ಟೆ ಚಿವುಟಿ ಹಿಡಿದು ಸೂಜಿ ಹಾಕಿಕೊಳ್ಳುವುದನ್ನು ನೋಡಿಕೊಂಡೇ ಬೆಳೆದವಳು ನಾನು. ಸೂಜಿ ಎಂದರೆ ಈ ಐವತ್ತಾರನೇ ವಯಸ್ಸಿನಲ್ಲೂ ಕೈಕಾಲು ತಣ್ಣಗಾಗುತ್ತವೆ. ಹೊಸ ಮಾತ್ರೆಯ ಪರೀಕ್ಷೆಗೆ ರೋಗಿಗಳು ಬೇಕಂತೆ ಎಂದು ಗೊತ್ತಾದಾಗ ಹಿಂದೆಮುಂದೆ ನೋಡಲಿಲ್ಲ.

ಅಲ್ಲಿನ ಡಾಕ್ಟರ್ ರಕ್ಷಿತಾ ಚಿಕ್ಕ ವಯಸ್ಸಿನವರು, ಬಿಡಿಸಿ ಹೇಳುತ್ತಾರೆ. ನಮ್ಮ ಹೊಟ್ಟೆಯೊಳಗೆ ಇನ್ಸುಲಿನ್ ತಯಾರಿಸುವ ಜೀವಕೋಶಗಳಿವೆಯಲ್ಲ, ಸಕ್ಕರೆ ಕಾಯಿಲೆಯವರಲ್ಲಿ ಅವು ವರ್ಷದಿಂದ ವರ್ಷಕ್ಕೆ ಸಾಯುತ್ತಾ ಹೋಗುತ್ತವಂತೆ. ಯಾರೋ ಕೊಲ್ಲುವುದಲ್ಲ, ತಾವೇ ಸಾಯುತ್ತವೆ. ಸಾಯಿ ಎಂದು ಅಪ್ಪಣೆ ಕೊಡುವ ಒಂದು ಪ್ರೋಟೀನು ಕೋಶದೊಳಗೇ ಇರುತ್ತದೆ. ಮಾಮೂಲಿಯಾಗಿ ಅದನ್ನು ಹೆಚ್ಚು ಹೊತ್ತು ಉಳಿಯಗೊಡುವುದಿಲ್ಲ. ಒಂದು ಕಿಣ್ವ ಬಂದು ಅದಕ್ಕೆ ಗುರುತು ಅಂಟಿಸುತ್ತದೆ, ಗುರುತು ಬಿದ್ದದ್ದನ್ನು ಕೋಶ ಒಡೆದು ಹಾಕುತ್ತದೆ. ಇನ್ನೊಂದು ಕಿಣ್ವದ ಕೆಲಸ ಆ ಗುರುತನ್ನು ಕಿತ್ತು ಹಾಕುವುದು. ನಮ್ಮಂಥವರಲ್ಲಿ ಈ ಎರಡನೆಯದರ ಕೈ ಜೋರು. ಹೋಗಬೇಕಾದ ಪ್ರೋಟೀನು ಉಳಿದುಕೊಳ್ಳುತ್ತದೆ, ಉಳಿಯಬೇಕಾದ ಕೋಶ ಹೋಗುತ್ತದೆ. ಹೊಸ ಮಾತ್ರೆ ಈ ಎರಡನೆಯದರ ಕೈ ಹಿಡಿದು ನಿಲ್ಲಿಸಬಹುದು ಎಂಬುದು ಅವರ ಲೆಕ್ಕಾಚಾರ.

ನನಗೆ ಕೂಡಲೇ ಹೊಳೆಯಿತು. ರಸ್ತೆ ಅಗಲ ಮಾಡುವಾಗ ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋಗುತ್ತಾರೆ, ಗುರುತಿದ್ದ ಗೋಡೆ ಬೀಳುತ್ತದೆ, ಯಾರಾದರೂ ಸುಣ್ಣ ಬಳಿದುಬಿಟ್ಟರೆ ಉಳಿಯುತ್ತದೆ. ಹಾಗೆಂದು ಹೇಳಿದಾಗ ಡಾಕ್ಟರು ಮೆಚ್ಚಿಕೊಂಡರು. ಕೆಳಗಿನವಳು ಬಾಯಿ ತೆರೆದುಕೊಂಡು ಕೂತಿದ್ದಳು. ಮಲ್ಲೇಶ್ವರದಲ್ಲಿ ಬಿ.ಎಸ್ಸಿ. ಓದಿದ್ದಕ್ಕೂ ಪಿಯುಸಿಯಲ್ಲಿ ಬಿಟ್ಟಿದ್ದಕ್ಕೂ ಇರುವ ವ್ಯತ್ಯಾಸ ಅದು.

ಪರೀಕ್ಷೆಗೆ ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಅದೇ ಥರದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಆ ಸೂಜಿಗೇ ನಾನು ಕಣ್ಣು ಮುಚ್ಚಿದೆ.

ಜನವರಿ 10, ಶುಕ್ರವಾರ

ನಾನು ಆಯ್ಕೆಯಾದೆ. ಕೆಳಗಿನವಳು ಆಗಲಿಲ್ಲ. ಅವಳ ಕಿಡ್ನಿಯ ಸಂಖ್ಯೆ ಸ್ವಲ್ಪ ಮೇಲಿದೆಯಂತೆ, ಅಂಥವರಿಗೆ ಹೊಸ ಔಷಧ ಕೊಡುವ ಹಾಗಿಲ್ಲವಂತೆ. ಆಟೋದಲ್ಲಿ ಬರುವಾಗ ರಾಮಕೃಷ್ಣ ಆಶ್ರಮ ದಾಟಿ ಉಮಾ ಟಾಕೀಸ್ ಹತ್ತಿರ ಬರುವತನಕ ಅವಳು ಆಚೆ ಮುಖ ಮಾಡಿಕೊಂಡು ಕೂತಿದ್ದಳು. ನನಗೆ ಒಳಗೊಳಗೇ ಖುಷಿಯಾಯಿತು. ಬರೆದುಕೊಳ್ಳುವುದಕ್ಕೆ ನಾಚಿಕೆಯೇನು, ಇದನ್ನು ಓದುವವಳು ನಾನೊಬ್ಬಳೇ.

ಜನವರಿ 14, ಮಂಗಳವಾರ

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮೊದಲ ಮಾತ್ರೆ ತೆಗೆದುಕೊಂಡೆ. ಬಿಳಿ, ಉದ್ದನೆಯದು, ದಿನಕ್ಕೊಂದು. ಸಂಕ್ರಾಂತಿಯಾದ್ದರಿಂದ ಎಳ್ಳು ಬೀರಲು ಬಂದವರಿಗೆಲ್ಲ ಸೀಸೆ ತೋರಿಸಿದೆ. ತರಗುಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡ ಮನೆಯ ಸೊಸೆಯರಿಬ್ಬರಿಗೂ ಸಕ್ಕರೆ ಕಾಯಿಲೆ ಎಂದು ನೆಂಟರು ವರ್ಷಗಟ್ಟಲೆ ನಕ್ಕಿದ್ದಾರೆ. ಇವತ್ತು ಅವರಿಗೆ ನಗಲು ಬಿಡಲಿಲ್ಲ.

ಕೆಳಗಿನವಳಿಗೆ ಮತ್ತೊಮ್ಮೆ ಬಿಡಿಸಿ ಹೇಳಿದೆ. “ನೋಡು ಶೈಲಜ, ನೀನು ತಗೋತೀಯಲ್ಲ ಹಳೇ ಮಾತ್ರೆ, ಅದು ಸುಸ್ತಾದ ಕೋಶಕ್ಕೆ ಹೊಡೆದು ಹೊಡೆದು ಕೆಲಸ ಮಾಡಿಸುತ್ತೆ ಅಷ್ಟೆ. ಇದು ಹಾಗಲ್ಲ. ಸಾಯೋದನ್ನೇ ತಡೆಯುತ್ತೆ.”

“ಅಂದ್ರೆ ಹಳೇದು ತಗೊಂಡಷ್ಟೂ ಒಳಗಡೆ ಸಾಯ್ತಾನೇ ಇರುತ್ತಾ ಅಕ್ಕ?” ಎಂದಳು.

“ಮತ್ತೆ?” ಎಂದೆ. ಅವಳ ಮುಖ ಚಿಕ್ಕದಾಯಿತು. ಡಾಕ್ಟರು ಅಷ್ಟು ಖಡಾಖಂಡಿತವಾಗಿ ಹೇಳಿರಲಿಲ್ಲ, ಹಳೆಯದನ್ನು ಬಿಡಬೇಡಿ, ಹೊಸದು ಅದರ ಜೊತೆಗೆ ಎಂದೂ ನನಗೆ ಹೇಳಿದ್ದರು. ಆದರೆ ಅವಳಿಗೆ ಅಷ್ಟೆಲ್ಲ ಯಾಕೆ.

ಜನವರಿ 17, ಶುಕ್ರವಾರ

ಅತ್ತೆ ಇವತ್ತು ಮಾಡಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ.

ಹೂವು ಕೊಡಲು ಕೆಳಗೆ ಹೋಗಿದ್ದೆ. ಅತ್ತೆ ಎಂದಿನಂತೆ ನಡುಮನೆಯ ಮಂಚದ ಮೇಲೆ ಅಡಕತ್ತರಿ ಹಿಡಿದು ಕೂತಿದ್ದರು. ಎಂಬತ್ತಾರು ವರ್ಷ, ಬೆಲ್ಲ ಹಾಕಿಕೊಂಡು ಕಾಫಿ ಕುಡಿಯುತ್ತಾರೆ, ಒಂದು ಕಾಯಿಲೆಯಿಲ್ಲ. “ಆ ಸೀಸೆ ತಗೊಂಬಾ ಮಹಾನಂದ” ಎಂದರು. ಮೇಲಿನಿಂದ ತಂದುಕೊಟ್ಟೆ. ಒಂದು ಮಾತ್ರೆ ಕೈಗೆ ಹಾಕಿಸಿಕೊಂಡು, ಅಡಕೆ ಹೋಳು ಮಾಡಿದಷ್ಟೇ ಸಲೀಸಾಗಿ ಕಟ್ಟೆಂದು ಎರಡು ಮಾಡಿದರು.

“ಅತ್ತೆ, ಇದು ಹಾಗೆ ಹಂಚೋ ಅಂಥದ್ದಲ್ಲ. ಅವಳಿಗೆ ಆಗಲ್ಲ ಅಂತ ಡಾಕ್ಟ್ರೇ ಹೇಳಿದಾರೆ” ಎಂದೆ.

“ಈ ಮನೆಗೆ ಬಂದಿದ್ದು ಇಬ್ಬರಿಗೂ. ನಾನಿರೋತನಕ ಹಾಗೇ. ಸೀರೆ ತಂದಾಗ ಒಂದೇ ತಂದಿದೀನಾ ನಾನು? ಬಳೆ ಮಾಡಿಸಿದಾಗ ಒಬ್ಬಳಿಗೆ ಮಾಡಿಸಿದೀನಾ?”

ಅದು ನಿಜ. ಅವರು ಮಾವಿನಹಣ್ಣಿನ ಓಟೆಯನ್ನು ಕೂಡ ಸರದಿಯ ಮೇಲೆ ಕೊಟ್ಟವರು. ಶೈಲಜ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು, ಬೇಡ ಎನ್ನಲಿಲ್ಲ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಈ ಮನೆಯಲ್ಲಿ ಅತ್ತೆಗೆ ಎದುರು ಮಾತಾಡಿ ಗೆದ್ದವರಿಲ್ಲ, ಅವರ ಮಕ್ಕಳನ್ನೂ ಸೇರಿಸಿ. ಗಂಡಸರಿಗೆ ಹೇಳಬೇಡಿ ಎಂದು ಮಾತ್ರ ಕೇಳಿಕೊಂಡೆ.

ಜನವರಿ 25, ಶನಿವಾರ

ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಕೆಳಗೆ ಹೋಗುವುದು, ಅತ್ತೆ ಕತ್ತರಿಸುವುದು, ಅರ್ಧ ನನಗೆ ಅರ್ಧ ಅವಳಿಗೆ. ಎರಡು ಹೋಳು ಎಂದೂ ಸರಿಸಮ ಬರುವುದಿಲ್ಲ. ಅತ್ತೆಯ ಕಣ್ಣು ಮಂಜು, ನನ್ನದಲ್ಲ. ದೊಡ್ಡದನ್ನು ನಾನು ತೆಗೆದುಕೊಳ್ಳುತ್ತೇನೆ. ಪರೀಕ್ಷೆಗೆ ಸೇರಿದವಳು ನಾನು.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೂರ ಮೂವತ್ತೆಂಟು. ಎರಡು ವರ್ಷದಿಂದ ಇಷ್ಟು ಕಡಿಮೆ ನೋಡಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಜೋರಾಗಿ ಹೇಳಿದೆ. ಕೆಳಗೆ ಪಾತ್ರೆಗಳ ಸದ್ದು ಜೋರಾಯಿತು.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಇಬ್ಬರೂ ಕೂಡಿ ಗವಿಗಂಗಾಧರೇಶ್ವರನಿಗೆ ಹೋದೆವು. ಸಾಲು ಬಹಳ ಉದ್ದವಿತ್ತು. ಮೊದಲೆಲ್ಲ ನಾವು ಬೇರೆ ಬೇರೆ ಹೋಗುತ್ತಿದ್ದೆವು. ಈಗ ಬೆಳಿಗ್ಗೆ ಮಾತ್ರೆಯ ನೆಪದಲ್ಲಿ ಕೆಳಗೆ ಹೋದವಳು ಅಲ್ಲೇ ಕಾಫಿ ಕುಡಿದು, ತರಕಾರಿ ಹೆಚ್ಚುತ್ತಾ ಕೂರುವುದು ರೂಢಿಯಾಗಿದೆ. ಅವಳು ಕಾಫಿ ಚೆನ್ನಾಗಿ ಮಾಡುತ್ತಾಳೆ, ಅದನ್ನು ಹಿಂದೆಯೂ ಇಲ್ಲ ಎಂದವಳಲ್ಲ ನಾನು.

ಸಾಲಿನಲ್ಲಿ ಶೈಲಜ ಹೇಳಿದಳು, “ನನಗೆ ಈಗ ಹೊಟ್ಟೆ ಉಬ್ಬರಾನೇ ಇಲ್ಲ ಅಕ್ಕ. ಎಷ್ಟು ಹಗುರ ಅನ್ಸುತ್ತೆ ಗೊತ್ತಾ.” ಹೊಸ ಮಾತ್ರೆಯ ಗುಣವೇ ಇರಬೇಕು. ನನಗೆ ಉಬ್ಬರ ಹಾಗೇ ಇದೆ. ಅವಳಿಗೆ ಎಲ್ಲವೂ ನನಗಿಂತ ಬೇಗ ಹತ್ತುತ್ತದೆ.

ಮಾರ್ಚ್ 12, ಬುಧವಾರ

ಶೈಲಜಳ ರವಿಕೆಗಳನ್ನೆಲ್ಲ ಹಿಡಿದು ಹೊಲಿದುಕೊಟ್ಟೆ. ಒಂದೊಂದು ಕಡೆ ಎರಡು ಬೆರಳು ಸಡಿಲ. ಮದುವೆಯಲ್ಲಿ ಇದ್ದ ಹಾಗಾಗಿದ್ದಾಳೆ ಎಂದು ಪಕ್ಕದ ಮನೆ ಅಂಜಮ್ಮ ಹೊಗಳಿದ್ದೇ ಹೊಗಳಿದ್ದು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಹತ್ತಿರ ಕೂತು ಅಳತೆ ತೆಗೆಯುವಾಗ ಕತ್ತಿನ ಮೂಳೆ ಕಾಣಿಸಿತು, ಅದು ನನಗೆ ಸರಿಬರಲಿಲ್ಲ.

ಬಿಸಿಲು ಜಾಸ್ತಿಯಾಗಿದೆ. ಅವಳು ನೀರಿನ ಚೊಂಬನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾಳೆ. ನಾನು ಕೂತಿದ್ದ ಹೊತ್ತಿನಲ್ಲೇ ಎರಡು ಸಲ ತುಂಬಿಸಿಕೊಂಡಳು.

ಮಾರ್ಚ್ 21, ಶುಕ್ರವಾರ

ನೂರ ಹದಿನೆಂಟು. ಮೆಟ್ಟಿಲ ಮೇಲಿನಿಂದ ಹೇಳಿದೆ. “ಭೇಷ್ ಅಕ್ಕ” ಎಂದಳು. ದನಿ ಸಣ್ಣಗಿತ್ತು.

ಮಾರ್ಚ್ 30, ಭಾನುವಾರ

ಯುಗಾದಿ. ಬೇವು ಬೆಲ್ಲಕ್ಕೆ ಮೊದಲು ಮಾತ್ರೆ. ಇವತ್ತು ಅದು ಕೆಟ್ಟದಾಗಿ ಮುರಿಯಿತು, ಒಂದು ದೊಡ್ಡ ತುಂಡು, ಒಂದು ಚೂರು. ದೊಡ್ಡದನ್ನು ಅವಳಿಗೆ ಕೊಟ್ಟೆ. ಸೊರಗಿದ್ದಾಳೆ, ಇರಲಿ.

ಹೋಳಿಗೆ ಬೇಯಿಸುವಾಗ ಒಲೆಯ ಮುಂದೆ ನಿಲ್ಲಲಾರದೆ ಸ್ಟೂಲು ಹಾಕಿಕೊಂಡಳು. ನಿನ್ನ ಸಕ್ಕರೆ ಎಷ್ಟಿದೆ ಎಂದು ಕೇಳಿದರೆ ಮಿಷನ್ನಿನ ಬ್ಯಾಟರಿ ಹೋಗಿದೆ ಎಂದಳು. ನನ್ನದು ತರುತ್ತೇನೆ ಎಂದೆ. ಹಬ್ಬದ ದಿನ ಯಾಕೆ ಅಕ್ಕ, ನಾಳೆ ನೋಡೋಣ ಎಂದಳು. ನಾಳೆ ನನಗೆ ನೆನಪು ಹಾರಬಾರದು ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಕೇಂದ್ರದಲ್ಲಿ ಮೂರನೇ ತಿಂಗಳ ರಕ್ತ ಕೊಟ್ಟು ಬಂದೆ. “ದಿನಾ ತಪ್ಪದೆ ತಗೋತಿದ್ದೀರಾ?” ಎಂದು ರಕ್ಷಿತಾ ಕೇಳಿದರು. ಹೌದು ಎಂದೆ. ಸೀಸೆಯಲ್ಲಿ ಉಳಿದದ್ದನ್ನು ಎಣಿಸಿ ನೋಡಿದರು, ಸರಿಯಾಗಿತ್ತು. ಸುಳ್ಳು ಹೇಳಿದೆ ಅನಿಸಲಿಲ್ಲ. ದಿನಾ ತೆಗೆದುಕೊಂಡಿರುವುದು ನಿಜವೇ.

ಶೈಲಜಳ ಸಕ್ಕರೆ ನೋಡುವುದು ಹಾಗೇ ಉಳಿದುಹೋಯಿತು. ಸೋಮವಾರ ಅವಳು ತಪ್ಪಿಸಿಕೊಂಡಳು, ಆಮೇಲೆ ನಾನು ಮರೆತೆ.

ಏಪ್ರಿಲ್ 8, ಮಂಗಳವಾರ

ಶೈಲಜ ಆಸ್ಪತ್ರೆಯಲ್ಲಿದ್ದಾಳೆ. ಬೆಳಿಗ್ಗೆ ಕೆಳಗೆ ಹೋದಾಗ ದೇವರಮನೆಯ ಮುಂದೆ ಗೋಡೆಗೊರಗಿ ಕೂತಿದ್ದಳು. ಕರೆದರೆ ನನ್ನನ್ನು ನೋಡಿದಳು, ಯಾರೆಂದು ಗುರುತು ಸಿಗಲಿಲ್ಲ. ತುಟಿ ಒಣಗಿ ಬಿರಿದಿತ್ತು. ಅವಳ ಗಂಡ, ನನ್ನ ಮೈದುನ ಮನೋಹರ್ ಬೆಲ್ಲದ ಮಂಡಿಯಿಂದ ಓಡಿ ಬಂದರು. ಸಕ್ಕರೆ ಐನೂರು ದಾಟಿದೆ, ಮೈಯಲ್ಲಿ ನೀರೇ ಇಲ್ಲ ಎಂದು ಆಸ್ಪತ್ರೆಯವರು ಹೇಳಿದರು.

ಏನೇನು ಮಾತ್ರೆ ತಗೋತಿದ್ರು ಎಂದು ತುರ್ತು ವಿಭಾಗದ ಡಾಕ್ಟರು ಕೇಳಿದರು. ಮನೋಹರ್ ಹಳೆಯ ಚೀಟಿ ತೋರಿಸಿ, “ಇಷ್ಟೇ ಸಾರ್, ದಿನಾ ತಗೋತಾಳೆ” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನಿಸಿತು. ಹೇಳಿದರೆ ಪರೀಕ್ಷೆಯಿಂದ ನನ್ನನ್ನು ತೆಗೆದುಹಾಕುತ್ತಾರೆ, ಆಮೇಲೆ ಉಳಿಯುವುದು ಸೂಜಿಯೊಂದೇ, ಇದೂ ಅನಿಸಿತು. ಅಷ್ಟರಲ್ಲಿ ಅವಳ ಕಾಲಿನ ಮೇಲಿದ್ದ ಹೊದಿಕೆ ಜಾರಿತು. ಆ ಕಾಲು ನೋಡಿದೆ. ಅದು ನನ್ನ ಶೈಲಜಳ ಕಾಲಿನ ಹಾಗಿರಲಿಲ್ಲ, ಎರಡು ಕಡ್ಡಿ.

“ಇನ್ನೊಂದು ಮಾತ್ರೆ ಇದೆ ಡಾಕ್ಟ್ರೇ. ಅರ್ಧ ಅರ್ಧ ತಗೋತಿದ್ವಿ” ಎಂದೆ. ಮನೋಹರ್ ನನ್ನ ಮುಖವನ್ನೇ ನೋಡಿದರು.

ಏಪ್ರಿಲ್ 9, ಬುಧವಾರ

ರಕ್ಷಿತಾ ಆಸ್ಪತ್ರೆಗೇ ಬಂದರು. ಬೈದರು, ಬೈಸಿಕೊಂಡೆ.

“ಕಿಡ್ನಿ ಸರಿಯಿಲ್ಲ ಅಂತಾನೇ ಅಲ್ವಾ ಮಹಾನಂದ ಅವರೇ ನಾವು ಅವರನ್ನ ಬಿಟ್ಟಿದ್ದು? ಓದಿರೋರು ನೀವು. ಏನಾದ್ರೂ ಆಗಿದ್ರೆ?”

ಶೈಲಜಳಿಗೆ ಚಿಕಿತ್ಸೆ ಮಾಡಬೇಕಾದರೆ ಒಳಗೆ ಹೋಗಿರುವುದು ಏನು ಎಂದು ತಿಳಿಯಬೇಕು. ಹಾಗಾಗಿ ನನ್ನ ಸೀಸೆಯ ಗುಟ್ಟನ್ನು ತೆರೆಸುತ್ತಾರಂತೆ. ಮಾತ್ರೆ ಮಾಡುವ ಕಂಪನಿಯಿಂದ ಉತ್ತರ ಬರಬೇಕು.

ಶೈಲಜ ಮಧ್ಯಾಹ್ನ ಎಚ್ಚರವಾದಳು. ಹಳೆಯ ಮಾತ್ರೆಗಳನ್ನು ಅವಳು ಸಂಕ್ರಾಂತಿಯಾದ ವಾರದಲ್ಲೇ ಬಿಟ್ಟಿದ್ದಳಂತೆ. ಹೊಟ್ಟೆ ಉಬ್ಬರ ಹೋಗಿದ್ದು ಅದಕ್ಕೇ. “ನೀವೇ ಹೇಳಿದ್ರಲ್ಲ ಅಕ್ಕ, ಅದು ಹೊಡೆದು ಹೊಡೆದು ಸಾಯಿಸುತ್ತೆ ಅಂತ. ಉಳಿದಿರೋವಾದ್ರೂ ಉಳೀಲಿ ಅಂತ ಬಿಟ್ಟೆ” ಎಂದಳು. ಆಕ್ಷೇಪಣೆ ಮಾಡುವ ದನಿಯಲ್ಲ, ಸಾರಿಗೆ ಎಷ್ಟು ಉಪ್ಪು ಹಾಕಿದೆ ಎಂದು ಹೇಳಿದ ಹಾಗೆ ಹೇಳಿದಳು. ನನಗೆ ಅಲ್ಲಿ ಕೂತಿರಲು ಆಗಲಿಲ್ಲ. ನೀರು ತರುತ್ತೇನೆ ಎಂದು ಹೊರಗೆ ಬಂದು ಮೆಟ್ಟಿಲ ಹತ್ತಿರ ಅತ್ತುಬಿಟ್ಟೆ.

ಮನೆಯಲ್ಲಿ ಅತ್ತೆ ಬೆಳಗಿನಿಂದ ಏನೂ ತಿಂದಿರಲಿಲ್ಲ. “ಕತ್ತರಿಸಿದ್ದು ನಾನು” ಎಂದರು. ಅವರಿಗೆ ಗಂಜಿ ಕುಡಿಸಿ ಮೇಲೆ ಬಂದೆ. ನನ್ನ ಮನೆಯವರಿಗೆ ಎಲ್ಲ ಹೇಳಿದೆ. ನಾಗಭೂಷಣ್ ಅವರು ಚಪ್ಪಲಿ ಮೆಟ್ಟಿಕೊಂಡು ತಮ್ಮನ ಹತ್ತಿರ ಆಸ್ಪತ್ರೆಗೆ ಹೊರಟುಬಿಟ್ಟರು.

ಏಪ್ರಿಲ್ 11, ಶುಕ್ರವಾರ

ಗುಟ್ಟು ತೆರೆಯಿತು. ಅದು ನಿಜವಾದ ಮಾತ್ರೆಯೇ ಆಗಿತ್ತು.

ರಕ್ಷಿತಾ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿದರು. ಶೈಲಜಳ ಕಿಡ್ನಿ ಸಂಖ್ಯೆ ಏರಿತ್ತು, ಡ್ರಿಪ್ ಹಾಕಿದ ಮೇಲೆ ಇಳಿಯುತ್ತಿದೆ, ನೀರು ಕಡಿಮೆಯಾಗಿದ್ದಕ್ಕೇ ಏರಿದ್ದು ಎಂದು ಕಾಣುತ್ತದೆ, ಆದರೂ ಕೆಲವು ತಿಂಗಳು ನೋಡುತ್ತಿರಬೇಕು. ಅವಳಿಗೆ ಇನ್ನು ಇನ್ಸುಲಿನ್ನೇ. ಆಮೇಲೆ ನನ್ನ ರಿಪೋರ್ಟನ್ನು ಮೇಜಿನ ಮೇಲಿಟ್ಟರು. ನಮ್ಮದೇ ಮೈ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಸುವ ಒಂದು ಪರೀಕ್ಷೆ ಇದೆ. ಜನವರಿಗಿಂತ ಈಗ ನನ್ನದು ಏರಿದೆ.

“ಅರ್ಧದಲ್ಲೇ ಇಷ್ಟು” ಎಂದರು. “ಒಬ್ಬರ ರಿಪೋರ್ಟ್ ನೋಡಿ ಏನೂ ಹೇಳೋಕಾಗಲ್ಲ, ನಿಜ. ಆದ್ರೂ ಇಂಥದ್ದು ನಾವು ಸುಲಭಕ್ಕೆ ನೋಡಲ್ಲ. ನಿಮ್ಮ ಕೋಶಗಳು ಉಳೀತಿದ್ವು ಅನ್ಸುತ್ತೆ.”

“ನಾನು ಇನ್ಮೇಲೆ ಪೂರ್ತಿ ತಗೊಂಡ್ರೆ?”

“ಇಲ್ಲ ಮಹಾನಂದ ಅವರೇ. ನಿಯಮ ಹಾಗಿದೆ. ನಿಮ್ಮನ್ನ ಇವತ್ತೇ ಬಿಡಬೇಕು. ಆ ಮಾತ್ರೆ ಅಂಗಡೀಲಿ ಸಿಗೋಕೆ ಇನ್ನೂ ವರ್ಷಗಳೇ ಬೇಕು, ಸಿಕ್ಕಿದ್ರೆ.”

ಸೀಸೆಯನ್ನು ವಾಪಸು ಕೊಟ್ಟೆ. ಸೂಜಿಯ ವಿಚಾರ ಕೇಳಿದೆ. ಮಾತ್ರೆ ನಿಂತ ಮೇಲೆ ಸಕ್ಕರೆ ಹೇಗಿರುತ್ತದೋ ನೋಡೋಣ, ಮುಂದಿನ ತಿಂಗಳು ಶುರು ಮಾಡಬೇಕಾಗಬಹುದು ಎಂದರು. ಸರಿ ಎಂದೆ.

ಶೈಲಜಳಿಗೆ ಅವರು ಎಲ್ಲ ಹೇಳಲೇಬೇಕಂತೆ, ಅವಳ ಮೈಗೆ ಹೋದದ್ದು ಏನು ಎಂದು ತಿಳಿಯುವ ಹಕ್ಕು ಅವಳಿಗಿದೆ. “ಹೇಳಿ” ಎಂದೆ. “ನಿಜವಾದ ಮಾತ್ರೆ ಅಂತ ಹೇಳಿ. ನನಗೆ ಗುಣ ಆಗ್ತಿತ್ತು ಅನ್ನೋದನ್ನ ಮಾತ್ರ ಹೇಳ್ಬೇಡಿ.”

ಅವರು ಮೇಜಿನ ಮೇಲಿದ್ದ ರಿಪೋರ್ಟನ್ನು ಮಡಚಿ ಕವರಿಗೆ ಹಾಕಿದರು. “ನಿಮ್ಮ ರಿಪೋರ್ಟು ನಿಮ್ಮದು. ಅದನ್ನ ನಾನು ಯಾರಿಗೂ ತೋರಿಸೋ ಹಾಗಿಲ್ಲ” ಎಂದರು.

ಯಾಕೆ ಹಾಗೆ ಕೇಳಿಕೊಂಡೆನೋ. ಅವಳು ಮೊದಲೇ ಸಣ್ಣಪುಟ್ಟದಕ್ಕೆ ಅಳುವವಳು, ಆಸ್ಪತ್ರೆಯಲ್ಲಿ ಅತ್ತರೆ ನೋಡಿಕೊಳ್ಳುವವರು ಯಾರು.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ಇಡ್ಲಿ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಶೈಲ ಎದ್ದು ದಿಂಬಿಗೊರಗಿ ಕೂತಿದ್ದಳು. ಜಡೆ ಹಾಕಿದೆ. ಕೂದಲು ಎಷ್ಟು ಉದುರಿದೆ.

“ಡಾಕ್ಟ್ರಮ್ಮ ನಿನ್ನೆ ಬಂದಿದ್ರು ಅಕ್ಕ. ನಾವು ತಗೊಂಡಿದ್ದು ನಿಜವಾದ ಮಾತ್ರೇನೇ ಅಂತೆ.”

“ಹೌದಂತೆ.”

“ನಿಮ್ಮನ್ನ ಬಿಟ್ಬಿಟ್ರಂತೆ.”

“ಬಿಟ್ರು. ದಿನಾ ನೇಮದ ಹಾಗೆ ನುಂಗಿ ನುಂಗಿ ನನಗೂ ಸಾಕಾಗಿತ್ತು.”

ಅವಳು ತಟ್ಟೆಯಲ್ಲಿದ್ದ ಇಡ್ಲಿಯನ್ನು ಮುರಿಯುತ್ತಲೇ ಇದ್ದಳು, ಬಾಯಿಗೆ ಹಾಕಿಕೊಳ್ಳಲಿಲ್ಲ. “ನಾನು ಬೇಡ ಅಂದಿದ್ರೆ ನಿಮಗೆ ಪೂರ್ತಿ ಮಾತ್ರೆ ಸಿಗ್ತಿತ್ತು. ಅತ್ತೆ ಮುಂದೆ ಬೇಡ ಅನ್ಬೇಕು ಅಂದ್ಕೊಂಡೆ, ಆಸೆಗೆ ಸುಮ್ನಿದ್ದೆ. ನಿಜ ಹೇಳಿ ಅಕ್ಕ, ಅದರಿಂದ ನಿಮಗೆ ಗುಣ ಆಗ್ತಿತ್ತಾ?”

“ಏನು ಗುಣ? ರಿಪೋರ್ಟ್ ಬಂತಲ್ಲ, ಜನವರೀಲಿ ಹೇಗಿತ್ತೋ ಹಾಗೇ ಇದೆ. ನಿನಗೂ ಇಲ್ಲ, ನನಗೂ ಇಲ್ಲ.”

“ಮತ್ತೆ ಮೆಟ್ಟಿಲ ಮೇಲೆ ನಿಂತ್ಕೊಂಡು ನೂರ ಹದಿನೆಂಟು ಅಂತ ಕೂಗ್ತಿದ್ರಿ?”

ಇದನ್ನು ನಾನು ಯೋಚಿಸಿಕೊಂಡು ಹೋಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ಎಲ್ಲಿ ಬಂತು ನೂರ ಹದಿನೆಂಟು? ಇನ್ನೂರ ಹದಿನೆಂಟು ಇತ್ತು. ನಿನ್ನ ಹೊಟ್ಟೆ ಉರಿಸೋಕೆ ನೂರು ಕಡಿಮೆ ಹೇಳ್ದೆ.”

ಶೈಲ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಡ್ರಿಪ್ ಹಾಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ನರ್ಸು ಬಂದು ಏನಾಯಿತು ಎಂದು ಕೇಳಿದರೂ ನಿಲ್ಲಲಿಲ್ಲ.

“ನಂಗೆ ಆವಾಗ್ಲೇ ಅನುಮಾನ ಇತ್ತು ಬಿಡಿ” ಎಂದಳು.

ನಾನು ಚಟ್ನಿ ಬಡಿಸಿದೆ. ಅವಳು ಮುರಿದಿಟ್ಟಿದ್ದ ಇಡ್ಲಿಯನ್ನು ಪೂರ್ತಿ ತಿಂದು, ಇನ್ನೊಂದನ್ನು ಹಾಕಿಸಿಕೊಂಡಳು.